ಬೀಗದ ಕೈ ಯಾರ ಸೊಂಟದಲ್ಲಿ

ಮಲ್ಲತ್ತಹಳ್ಳಿ
14 ಜುಲೈ 2024, ಭಾನುವಾರ

ಮುದ್ದು ಕೀರ್ತನಾ,

ನಾವಿಬ್ಬರೂ ಕ್ಷೇಮ. ನೀನು ಕಳಿಸಿದ ಕಾದಂಬರಿ ಬಂದು ತಿಂಗಳಾಯಿತು, ಅಮ್ಮ ತುಟಿ ಬಿಚ್ಚಲಿಲ್ಲವೆಂದು ಮುನಿಸಿಕೊಂಡಿದ್ದೀಯೇನೋ. ದಿನಾ ಫೋನಿನಲ್ಲಿ ಹುಳಿಗೆ ಹಾಕಿದ ತರಕಾರಿಯವರೆಗೂ ವರದಿ ಒಪ್ಪಿಸುತ್ತೇನೆ. ಇದನ್ನು ಹೇಳಲು ಮಾತ್ರ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಓದುಗರ ಕೂಟಕ್ಕೆ ಈ ತಿಂಗಳು ಅದೇ ಪುಸ್ತಕ. 'ನನ್ನ ಮಗಳ ಆಯ್ಕೆ' ಎಂದು ಜಂಭದಿಂದ ಮುಂದಿಟ್ಟವಳು ನಾನೇ, ಒಂದು ಪುಟವನ್ನೂ ಓದದೆ! ಹೆಣ್ಣುಮಕ್ಕಳು ಓದಬಾರದೆಂಬ ಕಾನೂನಿರುವ ದೇಶದ ಕಥೆ; ಗಂಡಸರನ್ನು ಮನಸಾರೆ ಬೈಯಬಹುದೆಂದು ಎಲ್ಲರಿಗೂ ಹುರುಪು. ನೋಡಿದರೆ, ಪುಸ್ತಕದ ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರು ತಾಯಂದಿರೇ.

ನಿನ್ನೆ ನಮ್ಮ ಮನೆಯಲ್ಲಿ ಕೂಟ. ಇಲ್ಲೇ ಹಳೆಯ ಊರೊಳಗಿರುವ ಅಕ್ಕಯ್ಯಮ್ಮನವರಿಗೆ ಅಕ್ಷರ ಬರದು, ಕೇಳಲೆಂದೇ ಬರುತ್ತಾರೆ. ಹಾಗಾಗಿ ಯಾರ ಮನೆಯೋ ಅವರು ಒಂದು ಪುಟ ಗಟ್ಟಿಯಾಗಿ ಓದುವುದು ಪದ್ಧತಿ. ತಾಯಿ ಮಗಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಪುಟ ನನ್ನ ಪಾಲಿಗೆ ಬಂತು. ಅಕ್ಕಯ್ಯಮ್ಮ, "ಕಾನೂನು ಗಂಡಸ್ರು ಮಾಡವ್ರೆ, ಸರಿ. ಬೀಗ ಹಾಕಿದ್ದು ಅವ್ವನೇ ಅಲ್ವಾ? ಹೆದರ್ಕೊಂಡು ಹಾಕವ್ಳೆ, ಪಾಪ. ಮಗೀಗೆ ಬಾಯ್ಬಿಟ್ಟು ಹೇಳ್ಬೇಕಿತ್ತು" ಎಂದರು. ಅವಲಕ್ಕಿ ತರುವ ನೆಪದಲ್ಲಿ ಎದ್ದುಹೋದೆ. ಅಡುಗೆಮನೆಯಲ್ಲಿ ನಿಮ್ಮಪ್ಪ ಎಲ್ಲರಿಗೂ ಕಾಫಿ ಬೆರೆಸುತ್ತಿದ್ದರು.

ಬರುವ ತಿಂಗಳು ಅವರ ಎಪ್ಪತ್ತರ ಶಾಂತಿ. "ನನ್ನ ಓದಿಗೆ ಕಲ್ಲು ಹಾಕಿದೋರ ಕಾಲಿಗೆ ಬೀಳಲ್ಲ, ಬರಲ್ಲ" ಅಂದೆಯಲ್ಲ, ಅದನ್ನು ಅವರಿಗೆ ಹೇಳಿದೆ. "ಇರಲಿ ಬಿಡು" ಎಂದು ಪೇಪರ್ ಮಡಿಸಿಟ್ಟರು.

ಅಳಿಯಂದಿರಿಗೂ ನಿನಗೂ ಒಳ್ಳೆಯದಾಗಲಿ. ಓದುವುದನ್ನು ಬಿಡಬೇಡ.

ನಿನ್ನ ಅಮ್ಮ,
ಅಂಬುಜಾ

ತಾ.ಕ.: ಜ್ಞಾನಭಾರತಿಯಿಂದ ನಿನ್ನ ಎಂ.ಎ. ಸೀಟಿನ ಕಾಗದ ಬಂದಾಗ ಅಪ್ಪ ಮನೆಯಲ್ಲೇ ಇರಲಿಲ್ಲ. ಹುಡುಗನ ಕಡೆಯವರು ಒಪ್ಪಿದ ವಾರ ಅದು. ಸಂಬಂಧ ತಪ್ಪೀತೆಂದು ಹೆದರಿ, ಅಡುಗೆಮನೆಯ ಶೆಲ್ಫಿಗೆ ಹಾಸಿದ ಪೇಪರಿನಡಿ ಅದನ್ನು ಬಚ್ಚಿಟ್ಟವಳು ನಾನು. ಸೇರುವ ದಿನ ಕಳೆದ ಮೇಲೆ ನಿನ್ನ ಕೈಗೆ ಸಿಕ್ಕಿತು. ನೀನು ಕೂಗಾಡಿದಾಗ "ನಾನೇ ಇಟ್ಟೆ" ಎಂದುಬಿಟ್ಟರು ಅಪ್ಪ. ಆಮೇಲೆ ನನಗೆ ಹೇಳಿದ್ದಿಷ್ಟು: "ಮದುವೆಯಾಗಿ ಹೋಗೋ ಹುಡುಗಿಗೆ ಅಮ್ಮ ಬೇಕು ಕಣೇ. ಬೈಸ್ಕೊಳ್ಳೋಕೆ ನಾನಿರ್ತೀನಿ." ಒಂಬತ್ತು ವರ್ಷ ಅವರು ಬೈಸಿಕೊಂಡರು, ನಾನು ನೋಡಿಕೊಂಡು ಸುಮ್ಮನಿದ್ದೆ.

ಶಾಂತಿಗೆ ಬಾ ಮಗಳೇ. ಮಣೆಯ ಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂತಿರುತ್ತೇವೆ. ಅವರ ಕಾಲಿಗೆ ಬೀಳು, ನನ್ನದನ್ನು ಬಿಡು.