ಗಣತಿಗೆ ಕೊಟ್ಟ ಉತ್ತರ

ಲ್ಯಾಂಕಶೈರ್,
ಏಪ್ರಿಲ್ 1881

ಮಗಳು ಟಾಬಿತಾಗೆ,

ನಿನ್ನ ಮದುವೆಗೆ ಸಾಕ್ಷಿ ಸಹಿ ಹಾಕಿದ ಜಾಬೆಜ್ ಈಗ ನಾನಿರುವ, ದಿಕ್ಕಿಲ್ಲದ ಬಡವರನ್ನಿಟ್ಟು ದುಡಿಸುವ ದುಡಿಮೆಮನೆಗೇ ಬಂದು ಸೇರಿದ್ದಾನೆ. "ನಿನ್ನ ಮಗಳು ಚರ್ಚಿನ ದಾಖಲೇಲಿ ಅಪ್ಪ ಸತ್ತಿದ್ದಾನೆ ಅಂತ ಬರೆಸಿದ್ಲು ಕಣಯ್ಯ. ಈಗ ಅವಳ ಅತ್ತೆ ನಿಮ್ಮ ಮನೆತನ ಕೆದಕ್ತಿದ್ದಾಳೆ" ಅಂದ. ಬೇಜಾರಿಲ್ಲ ಬಿಡು. ಇಲ್ಲಿನ ಗಂಜಿ ಕುಡಿದವನನ್ನು ಬದುಕಿದ್ದಾನೆ ಎನ್ನುವುದೂ ಕಷ್ಟವೇ.

ಮೊನ್ನೆ ಮೇಲ್ವಿಚಾರಕ ಜನಗಣತಿಗೆ ವಿವರ ಬರೆದುಕೊಂಡ. "ಹೆಂಡ್ತಿ ಸತ್ತೋಗಿದ್ದಾಳಾ, ಮುದುಕಪ್ಪ?" ಎಂದು ಕೇಳಿದ. "ಮದುವೇನೇ ಆಗಿಲ್ಲ ಸ್ವಾಮಿ" ಎಂದೆ. ಮದುವೆಯಾಗದವನಿಗೆ ಮಗಳೆಲ್ಲಿಂದ ಬರಬೇಕು? ಇನ್ನು ನಿನ್ನ ಅತ್ತೆ ಎಲ್ಲಿ ಹುಡುಕಿಸಿದರೂ ನೀನು ಸಿಕ್ಕಿಬೀಳುವುದಿಲ್ಲ.

ನಿನ್ನ ಬಳಿ ಇರುವ ನಮ್ಮ ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ನಿನ್ನಮ್ಮನ ಹೆಸರಿನ ಪಕ್ಕ ನನ್ನದಿದೆ. ಅದನ್ನಷ್ಟೇ ಕತ್ತರಿಸು, ಅವಳದ್ದು ಇರಲಿ. ಈ ಕಾಗದವನ್ನೂ ಒಲೆಗೆ ಹಾಕು.

ಇಂತಿ,
ಎನಾಕ್ ಹೋಲ್ಟ್
ನೇಕಾರ, ಅವಿವಾಹಿತ