ಗಿಡ್ಡಂಗಿಯ ಒಂಟಿ ಗಂಡು

ಕೀಟ ಸಂಗ್ರಹಾಲಯ, ಹಿಂದಿನ ಕೋಣೆ
ಬುಧವಾರ, ಮಧ್ಯಾಹ್ನ

ಆರು ಕಾಲಿನ ಮಹಾಸಭೆಯ ಸಮಸ್ತ ಸದಸ್ಯರೇ, ಗಾಜಿನ ಪೆಟ್ಟಿಗೆಗಳಲ್ಲಿ ಸೂಜಿ ಚುಚ್ಚಿಸಿಕೊಂಡು ಶಿಸ್ತಾಗಿ ನಿಂತಿರುವ ಹಿರಿಯರೇ, ಹಾಗೂ ಕೊನೆಯ ಸಾಲಿನಲ್ಲಿ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕುಳಿತಿರುವ, ಗಡಿಯಾರ ರಿಪೇರಿ ಮಾಡುವ ನನ್ನ ಯಜಮಾನರೇ,

ಸಾದರ ನಮಸ್ಕಾರ. ಸಭೆಯ ಘನತೆಗೆ ತಕ್ಕಂತೆ ಈ ಪತ್ರವನ್ನು ಟೈಪ್ ಮಾಡಿದ್ದೇನೆ.

ವಿಜ್ಞಾನಕ್ಕೆ ಇದುವರೆಗೆ ಮುಖ ತೋರಿಸದ ಒಬ್ಬರನ್ನು ಪರಿಚಯಿಸಲು ಹರ್ಷಿಸುತ್ತೇನೆ. ರೋವ್ ಜೀರುಂಡೆಗಳ ಮನೆತನ, ಬೆಟ್ಟದ ಕಾಡಿನ ತರಗೆಲೆಯಡಿ ವಾಸ, ಎಳ್ಳಿನಷ್ಟು ಮೈ. ಬೆನ್ನಿನ ಚಿಪ್ಪು ಸೊಂಟದವರೆಗೂ ಬರುವುದಿಲ್ಲ. ಅಂಗಿ ಗಿಡ್ಡ, ಹೊಟ್ಟೆ ಉದ್ದ, ಬಾಲ ಎತ್ತಿ ನಿಂತರೆ ದಾರಿಗೇ ಅಡ್ಡ. ಕಂದು ಬಣ್ಣ, ತಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿಗಳು, ಹೊಟ್ಟೆಯ ಅಂಚಿಗೆ ಹೊಂಬಣ್ಣದ ರೋಮ. ಇಷ್ಟನ್ನು ಹೊರಗಿನಿಂದ ನೋಡಿಯೇ ಬರೆದಾಯಿತು.

ಆದರೆ ಈ ಮನೆತನದ ಹೊರನೋಟವನ್ನು ನಂಬುವ ಹಾಗಿಲ್ಲ. ನೆಂಟರೆಲ್ಲ ಒಂದೇ ಅಚ್ಚು. ಪ್ರಭೇದ ಹೊಸದೋ ಹಳೆಯದೋ ಎಂದು ಖಚಿತವಾಗಿ ಹೇಳುವುದು ಗಂಡಿನ ಹೊಟ್ಟೆಯ ತುದಿಯೊಳಗೆ ಅಡಗಿರುವ ಜನನಾಂಗದ ಆಕಾರ. ಬಿಸಿನೀರಿನಲ್ಲಿ ಮೈ ಮೆದುವಾಗಿಸಿ, ಎರಡು ಚಿಮುಟಗಳಿಂದ ತುದಿಯನ್ನು ಬಿಡಿಸಿ, ಅದನ್ನು ಇಡಿಯಾಗಿ ಹೊರಗೆಳೆಯಬೇಕು. ಹರಿದರೆ ಮುಗಿಯಿತು. ನಮ್ಮಲ್ಲಿರುವುದು ಒಂದೇ ಗಂಡು, ಉಳಿದವೆಲ್ಲ ಹೆಣ್ಣು. ಅದು ಸಿಕ್ಕ ಬೆಟ್ಟದ ನೆತ್ತಿ ಈ ಬೇಸಿಗೆಯ ಬೆಂಕಿಯಲ್ಲಿ ಬೋಳಾಗಿದೆ. ಇನ್ನೊಂದನ್ನು ಹುಡುಕೋಣವೆಂದರೆ ತರಗೆಲೆಯೇ ಉಳಿದಿಲ್ಲ.

ನಮ್ಮ ಮುಖ್ಯಸ್ಥೆ ದಿನಾ ಬಾಗಿಲಲ್ಲಿ ಇಣುಕಿ, ಏನಮ್ಮಾ, ನಿಮ್ಮ ಮದುಮಗ ಇನ್ನೂ ಸ್ನಾನಕ್ಕೆ ಇಳಿದಿಲ್ವಾ ಎನ್ನುತ್ತಿದ್ದರು. ನೀರು ಕಾಯ್ಬೇಕಲ್ಲ ಮೇಡಂ ಎಂದು ನಾನೂ ಹಲ್ಲು ಕಿರಿಯುತ್ತಿದ್ದೆ. ನಿನ್ನೆ ಅವರು ನಗಲಿಲ್ಲ. ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಬೇರೆ ಸಂಗ್ರಹಾಲಯಕ್ಕೆ ಕಳಿಸಿಬಿಡ್ತೀನಿ, ಹೆಸರಿಡೋದೂ ಅವರೇ ಇಟ್ಕೊಳ್ಳಲಿ ಎಂದು ಹೊರಟುಹೋದರು.

ವಿಳಂಬದ ವಿಚಾರಣೆ ನಾನೇ ನಡೆಸಿದೆ. ಮೊದಲ ಆರೋಪಿ ಚಿಮುಟ. ಅಭ್ಯಾಸಕ್ಕೆಂದು ಎತ್ತಿಕೊಂಡ ಸಾಮಾನ್ಯ ಜಾತಿಯ ಗಂಡೊಂದು ಅದರ ತುದಿಯಲ್ಲಿ ಚಿಂದಿಯಾಯಿತು. ಹೊಸ ಚಿಮುಟ ತರಿಸಿದೆ, ಇನ್ನೊಂದು ಚಿಂದಿ. ಎರಡನೆಯ ಆರೋಪಿ ಮೇಜು. ಕಿಟಕಿಯಾಚೆ ಬಸ್ಸು ಹೋದಾಗ ಅದುರುತ್ತದೆಂದು ಕಾಲುಗಳ ಕೆಳಗೆ ರಬ್ಬರ್ ಇಟ್ಟೆ. ಆಮೇಲೆ ಕಾಫಿ ಬಿಟ್ಟೆ. ಇಟ್ಟೆ, ಬಿಟ್ಟೆ, ಕೊನೆಗೆ ಕೆಟ್ಟೆ. ಇವತ್ತು ಬೆಳಿಗ್ಗೆ ಮೇಜಿನ ಮೇಲೆ ತುಂಬಿದ ಲೋಟ ಇಟ್ಟುಕೊಂಡು ಬಸ್ಸಿಗಾಗಿ ಕಾದೆ. ಬಸ್ಸು ಹೋಯಿತು. ನೀರು ಅಲುಗಲಿಲ್ಲ. ಮೇಜು ಖುಲಾಸೆ.

ಆದ್ದರಿಂದ ಯಜಮಾನರೇ, ಸಭೆಯು ತಮ್ಮನ್ನು ನಾಳೆ ಊಟದ ವಿರಾಮಕ್ಕೆ ಆಹ್ವಾನಿಸುತ್ತದೆ. ಕೈಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವಾಗ ಬಳಸುತ್ತೀರಲ್ಲ, ಆ ಚಿಮುಟಗಳನ್ನೇ ತನ್ನಿ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಪಕ್ಕದಲ್ಲಿ ಕೂತು ಹೇಳುತ್ತೇನೆ. ಚಿಮುಟಕ್ಕೆ ಸಾಣೆ ಹಿಡಿಯುವವರು ಬರುತ್ತಾರೆಂದು ಮುಖ್ಯಸ್ಥೆಗೆ ಹೇಳಿಟ್ಟಿದ್ದೇನೆ.

ತಾವು ಬಟ್ಟೆಬರೆ ಎತ್ತಿಕೊಂಡು ಅಂಗಡಿಯ ಅಟ್ಟ ಸೇರಿದ ವಿಚಾರ ಇಂದಿನ ಕಲಾಪದಲ್ಲಿಲ್ಲ. ಆ ಬೆಳಿಗ್ಗೆ ನನ್ನ ಕಪ್ಪಿನಿಂದ ಬಸಿಗೆ ಚೆಲ್ಲಿದ ಕಾಫಿ ನೋಡಿ, ಏನೇ ಇದು, ಬಾ ಡಾಕ್ಟರಿಗೆ ತೋರಿಸೋಣ ಎಂದವರು ತಾವು. ನನ್ನನ್ನ ರಿಪೇರಿಗೆ ಹಾಕ್ತೀರಾ, ಮೊದಲು ನಿಮ್ಮ ಅಂಗಡಿ ಗಡಿಯಾರಗಳೆಲ್ಲ ಒಂದೇ ಗಂಟೆ ಹೊಡೀಲಿ ಎಂದವಳು ನಾನು. ಆಮೇಲೆ ಅಂದದ್ದನ್ನು ಸಭೆಯ ಮುಂದೆ ಹೇಳುವಂತಿಲ್ಲ. ತಾವು ಚಪ್ಪಲಿ ಮೆಟ್ಟಿದಿರಿ.

ಸಭಿಕರು ದಯವಿಟ್ಟು

ರೀ, ಸಾಕು ಈ ನಾಟಕ. ನನ್ನ ಕೈ ನಡುಗುತ್ತಿದೆ. ಬಲಗೈ. ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡರೂ ನಡುಗುತ್ತದೆ. ಆ ಹುಳವನ್ನು ಮುಟ್ಟಲು ನನಗೆ ಭಯ. ಡಾಕ್ಟರ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ, ಅದೂ ಭಯಕ್ಕೇ. ನಾಳೆ ಬನ್ನಿ. ಸಾಣೆಯ ಸುಳ್ಳು ಬೇಡ, ಮುಖ್ಯಸ್ಥೆಗೆ ನಿಮ್ಮೆದುರೇ ನಿಜ ಹೇಳುತ್ತೇನೆ. ಹುಳದ ಕೆಲಸ ಮುಗಿದ ಮೇಲೆ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇಂತಿ ನಿಮ್ಮ
ಹುಳದಮ್ಮ

ಮರೆತದ್ದು: ಟೈಪ್ ಮಾಡಿದ್ದು ಸಭೆಯ ಘನತೆಗಲ್ಲ, ನನ್ನ ಅಕ್ಷರ ನಿಮಗೆ ಕಾಣಬಾರದೆಂದು. ಮೇಲಿನ ಸಹಿ ಮಾತ್ರ ಕೈಯಲ್ಲಿ ಮಾಡಿದ್ದು. ಮಸೂರ ಹಾಕಬೇಡಿ, ಬರಿಗಣ್ಣಿಗೇ ಕಾಣುತ್ತದೆ.