ದಾಟವ್ವನ ಎತ್ತಿದ ಕೈ

ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು, ಶ್ರಾವಣದ ಎರಡನೇ ಗುರುವಾರ
ಬೆಟಗೇರಿ, ಗದಗ

ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರ ಮನೆಯವರಿಗೆ, ಗುರುಪಾದನ ನಮಸ್ಕಾರಗಳು.

ಮೇಲಿನ ತಾರೀಕು ಕಂಡು ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ನಾನು ಏಳನೇ ತರಗತಿಯವರೆಗೆ ಓದಿದವನು, ದಿನಚರಿ ಬಿಟ್ಟು ಏನನ್ನೂ ಬರೆದವನಲ್ಲ. ನಮ್ಮ ಕಾಲದ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ.

ನಮ್ಮಲ್ಲಿ ಗಾಡಿಗಳಿಗೆ ಚಾಲಕರಿಲ್ಲ. ತಾವೇ ಓಡುವುದರಿಂದ ಅವುಗಳನ್ನು ತಾನೋಡಿ ಎನ್ನುತ್ತೇವೆ. ಎದುರಿಗೆ ಯಾರು ಬಂದರೂ ಮೂರು ಮೊಳ ದೂರದಲ್ಲಿ ನಿಲ್ಲುತ್ತವೆ. ಆದರೂ ಶಾಲೆಯ ಮೂಲೆಯಲ್ಲಿ ಒಬ್ಬ ದಾಟವ್ವ ಇರುತ್ತಾಳೆ, ಮಕ್ಕಳನ್ನು ಆಚೆ ದಾಟಿಸುವವಳು. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದವಳು ನನ್ನ ಹೆಂಡತಿ ನೀಲವ್ವ. ಶಾಲೆಯ ಗೋಡೆಯ ಮೇಲೆ ನಿಮ್ಮ ಕಾಲದ ಒಂದು ಫೋಟೊ ಇದೆ: ಸೀರೆಯ ಮೇಲೆ ಹಸಿರು ಜಾಕೀಟು ತೊಟ್ಟ ಹೆಂಗಸೊಬ್ಬಳು ರಸ್ತೆಯ ನಡುವೆ ಅಂಗೈ ಎತ್ತಿ ನಿಂತಿದ್ದಾಳೆ. ನಮ್ಮ ಹಿರಿಯರು ಅದನ್ನು ಅಭಯಹಸ್ತವೆಂದು ತಿಳಿದರು. ಹಾಗಾಗಿ ನಮ್ಮ ದಾಟವ್ವ ಮಕ್ಕಳ ಕಡೆಗೆ ತಿರುಗಿ ಕೈ ಎತ್ತುತ್ತಾಳೆ, ಮಕ್ಕಳು ಅದರ ಕೆಳಗೆ ಹಾದುಹೋಗುತ್ತಾರೆ. ಒಬ್ಬೊಬ್ಬರ ಹಣೆಗೂ ಅವಳ ಕೈ ತಾಗುತ್ತದೆ. ಯಾರಿಗೆ ಜ್ವರ, ಯಾರು ಅತ್ತು ಬಂದಿದ್ದಾರೆ ಎಂಬುದು ಶಿಕ್ಷಕರಿಗಿಂತ ಮೊದಲು ನೀಲವ್ವನಿಗೆ ಗೊತ್ತಾಗುತ್ತಿತ್ತು. ಹೋದ ವರ್ಷ ಹೊಸ ಮಾಸ್ತರರು ಹಳೆಯ ಪುಸ್ತಕವೊಂದನ್ನು ನೋಡಿ, ಆ ಕೈ ಎತ್ತುತ್ತಿದ್ದದ್ದು ಗಾಡಿಗಳನ್ನು ನಿಲ್ಲಿಸಲು ಎಂದರು. ನೀಲವ್ವ ಬಿದ್ದು ಬಿದ್ದು ನಕ್ಕಳು. “ಅಯ್ಯ ನಮ್ಮವ್ವ! ಹಂಗಾರ ಆ ಪುಣ್ಯಾತಗಿತ್ತಿ ಗಾಡಿಗೋಳಿಗೆ ಆಶೀರ್ವಾದ ಮಾಡ್ತಿದ್ಲೇನ್ರಿ?” ಎಂದಳು. ಮರುದಿನವೂ ಮಕ್ಕಳ ಕಡೆಗೇ ಕೈ ಎತ್ತಿದಳು.

ಆಷಾಢದಲ್ಲಿ ಅವಳು ತೀರಿಕೊಂಡಳು. ತಾನೋಡಿಗಳೇ ನಿಲ್ಲುವಾಗ ಇನ್ನೊಬ್ಬ ದಾಟವ್ವ ಏಕೆ ಎಂದು ಓಣಿಯ ಮಂಡಳಿ ಆ ಕೆಲಸವನ್ನೇ ತೆಗೆದುಹಾಕಲು ಹೊರಟಿತು. ಅವಳಿಲ್ಲದ ಆ ದಿನಗಳಲ್ಲಿ ಗಾಡಿಗಳೇನೋ ಸಾಲಾಗಿ ನಿಂತವು, ಮಕ್ಕಳೂ ನಿಂತರು. ಎತ್ತಿದ ಕೈ ಕಾಣದೆ ಒಬ್ಬರೂ ರಸ್ತೆಗಿಳಿಯಲಿಲ್ಲ. ಒಂದನೇ ತರಗತಿಯವರು ಅಳುತ್ತ ಮನೆಗೆ ಮರಳಿದರು. ಈ ಸೋಮವಾರ ಮಂಡಳಿಯ ಸಭೆಯಲ್ಲಿ ಅದು ತೀರ್ಮಾನವಾಗಬೇಕಿತ್ತು. ಸಭೆಯಲ್ಲಿ ಎದ್ದು ಮಾತಾಡುವ ಧೈರ್ಯ ನನಗಿರಲಿಲ್ಲ. ಅಂದು ಬೆಳಿಗ್ಗೆ ಹೋಗಿ ಅವಳ ಜಾಗದಲ್ಲಿ ನಿಂತೆ. ಕೈ ಮಾತ್ರ ಏಳಲಿಲ್ಲ.

ಚಂಪಾ ಎಂಬ ಪುಟ್ಟ ಹುಡುಗಿ ಮುಂದೆ ಬಂದಳು. “ಕೈ ಎತ್ತ ಅಜ್ಜಾ, ಸಾಲಿ ಗಂಟಿ ಆತು.” ನಾನು ದಾಟವ್ವ ಅಲ್ಲವಲ್ಲ ಎಂದೆ. “ಗೊತ್ತೈತಿ, ಮೀಸಿ ಕಾಣಾಕತ್ತೈತಿ. ಎತ್ತ ಲಗೂನ!”

ಎತ್ತಿದೆ. ನಲವತ್ತಮೂರು ಹಣೆಗಳು ಅಂಗೈಗೆ ತಾಗಿದವು. ಒಂದು ಸುಡುತ್ತಿತ್ತು, ಆ ಹುಡುಗನನ್ನು ಮನೆಗೆ ಕಳಿಸಿದೆ. ಮೊಮ್ಮಗನನ್ನು ಬಿಡಲು ಬಂದಿದ್ದ ಮಂಡಳಿಯ ಅಧ್ಯಕ್ಷೆ ಶಾಂತವೀರವ್ವ ಅದನ್ನೆಲ್ಲ ನೋಡುತ್ತ ನಿಂತಿದ್ದರು. “ಸಭಾದಾಗ ಇನ್ನೇನ ಮಾತಾಡೂದೈತ್ರಿ,” ಎಂದರು. “ನೀವ ನಮ್ಮ ದಾಟಪ್ಪ.”

ಆ ಸಂಜೆ ನನ್ನ ಕಾಲುಗಳು ಬಾತಿದ್ದವು. ಇಪ್ಪತ್ತೆರಡು ವರ್ಷ ದಿನವೂ ನೀಲವ್ವನನ್ನು ಬಾಗಿಲವರೆಗೆ ಬಂದು ಕಳಿಸಿಕೊಟ್ಟಿದ್ದೇನೆ. ಅವಳು ಅಲ್ಲಿ ನಿಂತದ್ದನ್ನು ನೋಡಲು ಒಂದು ದಿನವೂ ಹೋಗಿರಲಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ನಾಳೆ ನಿಮ್ಮ ಮನೆಯವರು ಆ ಕೆಲಸಕ್ಕೆ ಹೊರಟ ಮೇಲೆ ಸ್ವಲ್ಪ ಹೊತ್ತು ಬಿಟ್ಟು ನೀವೂ ಹೋಗಿ. ಎದುರಿನ ಅಂಗಡಿಯ ಮುಂದೆ ನಿಂತು, ಅವರು ಮಕ್ಕಳನ್ನು ದಾಟಿಸುವುದನ್ನು ಕಣ್ತುಂಬ ನೋಡಿ. ಅವರು ನಿಮ್ಮನ್ನು ಕಂಡು ಗಾಬರಿಯಾಗಿ, ಏಕೆ ಬಂದಿರಿ ಎಂದು ಕೇಳಿದರೆ, ಸುಮ್ಮನೆ ಬಂದೆ ಎನ್ನಿ.